ಬಾಲ್ದಿ ಮರಳಿ ಬಾವಿಕಟ್ಟೆಗೆ

ನನ್ನ ಅಣ್ಣನ ಮಗ ವಡೋದರಾದ ಒಂದು ಕಾಲೇಜಿನಲ್ಲಿ ಭಾಷಣ ಮಾಡಿದ. ಒಂದು ಹಳೆಯ ಸಾಹಸದ ಕಂಪ್ಯೂಟರ್ ಆಟ ಇವತ್ತಿಗೂ ಯಾಕೆ ಮುಖ್ಯ, ಜನ ಅದನ್ನು ಇನ್ನೂ ಯಾಕೆ ಇಷ್ಟಪಡುತ್ತಾರೆ ಎನ್ನುವುದು ವಿಷಯ. ನನ್ನನ್ನು ಅಹಮದಾಬಾದಿನ ಬೋಪಾಲ್‌ನ ಮನೆಯಿಂದ ಕಾರು ಕಳಿಸಿ ಕರೆಸಿಕೊಂಡು ಮುಂದಿನ ಸಾಲಿನಲ್ಲಿ ಕೂರಿಸಿದ್ದ. ಅತ್ತೆಯ ಮೇಲಿನ ಪ್ರೀತಿ ಎಂದು ಮೊದಲು ನಾನೂ ಉಬ್ಬಿದೆ. ಮಾತಿನ ನಡುವೆ ನನ್ನ ಕಡೆ ಕೈ ತೋರಿಸಿ, ಆ ಆಟವನ್ನು ಆ ಕಾಲದಲ್ಲೇ ಆಡಿದ ಒಬ್ಬರು ಇಲ್ಲೇ ಇದ್ದಾರೆ ಎಂದು ಅವನು ಹೇಳಿದಾಗ, ಹುಡುಗ ಹುಡುಗಿಯರು ತಿರುಗಿ ನೋಡಿ ಚಪ್ಪಾಳೆ ತಟ್ಟಿದಾಗ, ನಾನು ಯಾತಕ್ಕೆ ಬಂದಿದ್ದೇನೆ ಎಂದು ಗೊತ್ತಾಯಿತು. ಅಟ್ಟದಿಂದ ಇಳಿಸಿ ಒರೆಸಿಟ್ಟ ಹಳೆಯ ಹಂಡೆಯ ಹಾಗೆ ಕೂತಿದ್ದೆ.

ಒಂದು ಗಂಟೆಯಷ್ಟು ಮಾತಾಡಿದ. ಪರದೆಯ ಮೇಲೆ ಒಂದರ ಹಿಂದೆ ಒಂದು ಬಣ್ಣದ ಚಿತ್ರ ಬಂದು ಹೋಯಿತು. ಸಾಮಾನು ಹೆಕ್ಕಿ ಚೀಲಕ್ಕೆ ಹಾಕಿಕೊಳ್ಳುವುದು, ಬೀಗ ಕಂಡರೆ ಕೀಲಿ ಹುಡುಕುವುದು, ಕೋಣೆಯಿಂದ ಕೋಣೆಗೆ ಹೋಗುತ್ತ ತಲೆಯೊಳಗೆ ಒಂದು ಊರನ್ನೇ ಕಟ್ಟಿಕೊಳ್ಳುವುದು, ಇವೆಲ್ಲ ಅದರಿಂದಲೇ ಬಂದದ್ದು, ಇಂದಿನ ಸಾಹಸದ ಆಟಗಳಿಗೆಲ್ಲ ಅದೇ ಮುತ್ತಜ್ಜ ಎಂದ. ಅಷ್ಟು ಸರಿ. ಆದರೆ ಕೊನೆಯಲ್ಲಿ, ಈಗಲೂ ಜನ ಅದನ್ನು ಆಡುವುದು ಕಳೆದ ಕಾಲದ ಮೋಹದಿಂದ, ಬೇರೆ ಕಾರಣವಿಲ್ಲ ಎಂದುಬಿಟ್ಟ. ಅಲ್ಲಿಗೆ ನನಗೆ ಪಿತ್ತ ನೆತ್ತಿಗೇರಿತು.

ಇವನಿಗೆ ಆ ಆಟದ ಬಗ್ಗೆ ಏನು ಗೊತ್ತು? ಯಾರೋ ಇಂಟರ್‌ನೆಟ್ಟಿನಲ್ಲಿ ಬರೆದಿಟ್ಟ ಉತ್ತರವನ್ನು ಪಕ್ಕದಲ್ಲಿಟ್ಟುಕೊಂಡು ಒಂದೇ ಸಂಜೆಯಲ್ಲಿ ಮುಗಿಸಿದವನು. ಮದುವೆ ಮನೆಯ ಊಟದ ಫೋಟೋ ನೋಡಿ ತೇಗುವವರಿಗೂ ಇವನಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಅವನ ಕಂಪನಿ ಫೋನಿನ ಆಟಗಳನ್ನು ಮಾಡುತ್ತದೆ. ಬೆಳಿಗ್ಗೆ ತೆರೆದರೆ ಒಂದು ಚಿನ್ನದ ನಾಣ್ಯ, ಸಂಜೆ ತೆರೆದರೆ ಇನ್ನೊಂದು. ಬಾಗಿಲಿನ ಹತ್ತಿರ ಹೋದರೆ ಬಾಗಿಲೇ ಮಿನುಗುತ್ತದೆ, ಒಂದು ಬಾಣ ಬಂದು ಇಲ್ಲಿ ಒತ್ತಿ ಎನ್ನುತ್ತದೆ, ಒತ್ತಿದರೆ ಭೇಷ್ ಎಂದು ಪಟಾಕಿ ಹಾರಿಸುತ್ತದೆ. ಎರಡು ದಿನ ತೆರೆಯದಿದ್ದರೆ ನಿಮ್ಮ ನೆನಪಾಗುತ್ತಿದೆ ಎಂದು ಸಂದೇಶ ಕಳಿಸುತ್ತದೆ. ಹೆತ್ತ ತಂದೆಗೆ ವಾರಕ್ಕೊಮ್ಮೆ ಫೋನು ಮಾಡುವವನ ಆಟಕ್ಕೆ ಎಷ್ಟೊಂದು ಅಂತಃಕರಣ ನೋಡಿ.

ಆ ಹಳೆಯ ಆಟದಲ್ಲಿ ಚಿತ್ರವಿಲ್ಲ, ಸಂಗೀತವಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟೆ. ನೀನು ಗುಡ್ಡದ ಬುಡದಲ್ಲಿ ನಿಂತಿದ್ದೀ, ಮುಂದೆ ಒಂದು ಬಾಗಿಲು, ಬಾಗಿಲಿನ ಎಡಕ್ಕೆ ಒಂದು ಬಾವಿ, ಕಟ್ಟೆಯ ಮೇಲೆ ಬಾಲ್ದಿ ಎಂದು ಹೇಳಿ ಸುಮ್ಮನಾಗುತ್ತದೆ. ಗುಡ್ಡದ ಹೊಟ್ಟೆಯಲ್ಲಿ ಹೂತುಹೋದ ಒಂದು ಊರಿದೆ. ಅದರ ತಳದ ಕೋಣೆಯವರೆಗೆ ಹೋಗಿ ವಾಪಸು ಬರಬೇಕು. ಏನು ಮಾಡಬೇಕೆಂದಿದ್ದೀರೋ ಅದನ್ನು ಎರಡು ಮೂರು ಪದಗಳಲ್ಲಿ ಟೈಪು ಮಾಡಬೇಕು: ಬಾಗಿಲು ತೆರೆ, ದೀಪ ತಗೋ, ಕೆಳಗೆ ಇಳಿ. ಅರ್ಥವಾದರೆ ಮಾಡುತ್ತದೆ, ಆಗದಿದ್ದರೆ ಆಗಲಿಲ್ಲ ಎನ್ನುತ್ತದೆ. ನೀವು ಸತ್ತರೂ ಅದಕ್ಕೆ ಬೇಸರವಿಲ್ಲ. ಸತ್ತೆ, ಮತ್ತೆ ಶುರು ಮಾಡುತ್ತೀಯಾ ಎಂದು ಕೇಳುತ್ತದೆ.

ನಾನು ಅಹಮದಾಬಾದಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ ಕೆಲವು ವರ್ಷವಾದ ಮೇಲೆ, ಸಹೋದ್ಯೋಗಿಯೊಬ್ಬರಿಂದ ಒಂದು ಹಳೆಯ ಕಂಪ್ಯೂಟರ್ ಕೊಂಡಿದ್ದೆ. ಆ ಆಟ ಅದರೊಳಗೇ ಇತ್ತು. ಅಣ್ಣ ಆಗ ಅದೇ ಊರಿನಲ್ಲಿ ನಮ್ಮ ದೊಡ್ಡಪ್ಪನ ಉಡುಪಿ ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದ. ಸೋಮವಾರ ಹೋಟೆಲಿಗೆ ರಜೆ. ಸಂಜೆ ನನ್ನ ಕ್ವಾರ್ಟರ್ಸಿಗೆ ಬಂದು ಕುರ್ಚಿ ಎಳೆದುಕೊಂಡು ಕೂರುತ್ತಿದ್ದ. ಅವನು ಓದಿದ್ದು ಕನ್ನಡದಲ್ಲಿ, ಹತ್ತನೆಯ ತರಗತಿಯವರೆಗೆ. ಪರದೆಯ ಇಂಗ್ಲಿಷನ್ನು ಅವನು ಓದಿ ಮುಗಿಸುವ ಹೊತ್ತಿಗೆ ನನಗೆ ನಿದ್ದೆ ಬರುತ್ತಿತ್ತು. ಹಾಗಾಗಿ ನಾನೇ ಓದಿ, ಆಗಿಂದಾಗ ಕನ್ನಡ ಮಾಡಿ ಹೇಳುತ್ತಿದ್ದೆ. ಅವನು ಕಣ್ಣು ಮುಚ್ಚಿ ಕೇಳಿ, ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಆ ಊರಿನ ನಕ್ಷೆ ಬಿಡಿಸುತ್ತ, ಮುಂದೇನು ಮಾಡಬೇಕೆಂದು ಹೇಳುತ್ತಿದ್ದ. ನಾನು ಟೈಪು ಮಾಡುತ್ತಿದ್ದೆ. ಹೀಗೆ ಆ ಆಟ ಅವನಿಗೆ ಮೊದಲಿನಿಂದಲೂ ನನ್ನ ಬಾಯಿಂದಲೇ ಸಿಕ್ಕಿದ್ದು.

ಈಗ ಅವನ ದಡ್ಡತನದ ವಿಚಾರ. ಆ ಆಟದಲ್ಲಿ ಒಳ ಬಾಗಿಲಿನ ಆಚೆ ಬಾಯಾರಿದ ಒಬ್ಬ ಕಾವಲುಗಾರನಿದ್ದಾನೆ. ಬಾವಿಯಿಂದ ಬಾಲ್ದಿಯಲ್ಲಿ ನೀರು ತಂದು ಕೊಟ್ಟರೆ ದಾರಿ ಬಿಡುತ್ತಾನೆ. ಅಲ್ಲಿಂದ ಮುಂದೆ ಬಾಲ್ದಿಯನ್ನೂ ಜೊತೆಗೆ ಒಯ್ಯಬೇಕು, ಕೆಳಗೆ ಉರಿಯುವ ಒಂದು ಅಂಗಳಕ್ಕೆ ಅದು ಬೇಕಾಗುತ್ತದೆ. ಇದು ಎರಡು ಸಲ ಸತ್ತವರಿಗೆ ಯಾರಿಗಾದರೂ ತಿಳಿಯುತ್ತದೆ. ನನ್ನ ಅಣ್ಣನಿಗೂ ತಿಳಿಯಿತು. ತಿಳಿದೂ ಅವನು ಕಾವಲುಗಾರನಿಗೆ ನೀರು ಕುಡಿಸಿ, ಬಾಲ್ದಿಯನ್ನು ವಾಪಸು ತಂದು ಬಾವಿಕಟ್ಟೆಯ ಮೇಲೆ ಇಡಿಸುತ್ತಿದ್ದ. ಮೇಲೆ ಬಂದಾಗಲೆಲ್ಲ ದೀಪವನ್ನು ಅದರ ಮೊಳೆಗೆ ಸಿಕ್ಕಿಸುವುದು, ಹಗ್ಗವನ್ನು ಸುತ್ತಿ ಅದರ ಮೂಲೆಗೆ ಇಡುವುದು, ಬೀಗ ತೆಗೆದಾದ ಮೇಲೆ ಕೀಲಿಯನ್ನು ಸಿಕ್ಕಿದ ಗೂಡಿಗೇ ಮರಳಿಸುವುದು. ದೊಡ್ಡಪ್ಪನ ಅಡುಗೆಮನೆಯ ಶಿಸ್ತು ಅದು. ಸೌಟು ಅದರ ಕೊಕ್ಕೆಗೆ, ಉಪ್ಪಿನ ಮರದ ಪಾತ್ರೆ, ಅಂದರೆ ಮರಿಗೆ, ಒಲೆಯ ಬಲಕ್ಕೆ, ಯಾರು ತೆಗೆದರೂ ಅಲ್ಲಿಗೇ. ಹತ್ತು ಜನ ಓಡಾಡುವ ಅಡುಗೆಮನೆಯಲ್ಲಿ ಒಬ್ಬ ಸಾಮಾನು ಜಾಗ ತಪ್ಪಿಸಿಟ್ಟರೆ ಇನ್ನೊಬ್ಬನ ಕೈ ಸುಡುತ್ತದೆ. ಅಡುಗೆಮನೆಯಲ್ಲಿ ಸರಿ. ಪಾತಾಳದಲ್ಲಿ ಯಾಕೆ?

"ಅದು ಬಾವಿಯ ಬಾಲ್ದಿ ಅಲ್ವಾ ಮಾರಾಯ್ತಿ," ಎನ್ನುತ್ತಿದ್ದ. "ನಾಳೆ ಇನ್ನೊಬ್ಬ ನೀರಿಗೆ ಬಂದ್ರೆ ಎಂತ ಮಾಡುದು?"

ಅಲ್ಲಿ ಇನ್ನೊಬ್ಬ ಇಲ್ಲ, ಇದು ಕಂಪ್ಯೂಟರು ಎಂದು ನಾನು ಕಿರುಚುತ್ತಿದ್ದೆ. ಇಲ್ಲ ಅಂತ ನೀನು ನೋಡಿದ್ದೀಯಾ ಎಂದು ಅವನು ಕೇಳುತ್ತಿದ್ದ. ಬಾಲ್ದಿಗಾಗಿ ಮೇಲೆ ಕೆಳಗೆ ಅಲೆಯುವಷ್ಟರಲ್ಲಿ ದೀಪದ ಎಣ್ಣೆ ಮುಗಿದು, ಕತ್ತಲೆಯಲ್ಲಿ ಎಲ್ಲೋ ಬಿದ್ದು ನಾವು ಸಾಯುತ್ತಿದ್ದೆವು. ಇಷ್ಟು ವರ್ಷವಾದರೂ ನಾವು ಆ ಆಟ ಮುಗಿಸಿಲ್ಲ ಎಂದರೆ ಕಾರಣ ಇಷ್ಟೇ.

ಮುಗಿಸಿಲ್ಲ, ಬಿಟ್ಟೂ ಇಲ್ಲ. ಹಳೆಯ ಮೋಹವಂತೆ! ನನಗೆ ನನ್ನ ಹಳೆಯ ಕಾಲದ ಮೇಲೆ ಯಾವ ಮೋಹವೂ ಇಲ್ಲ. ಕ್ವಾರ್ಟರ್ಸಿನ ನೀರಿನ ಟ್ಯಾಂಕಿನಲ್ಲಿ ಪಾರಿವಾಳ ಸತ್ತು ಬಿದ್ದಿರುತ್ತಿತ್ತು, ಬೇಸಿಗೆಯಲ್ಲಿ ನೆಲದ ಮೇಲೆ ಕಾಲಿಡಲಾಗುತ್ತಿರಲಿಲ್ಲ. ಆ ಆಟ ಚೆನ್ನಾಗಿರುವುದು ಅದು ಚೆನ್ನಾಗಿರುವುದರಿಂದ. ಅದು ಓಲೈಸುವುದಿಲ್ಲ. ಅದಕ್ಕೆ ಅವಸರವಿಲ್ಲ. ಒಂದು ಕೋಣೆಯಲ್ಲಿ ನಿಂತು ಅಣ್ಣನೂ ನಾನೂ ಅರ್ಧ ಸಂಜೆ ಜಗಳವಾಡಿದರೂ ಅದು ಕಾಯುತ್ತದೆ. ಇಲ್ಲಿ ಕತ್ತಲಿದೆ, ಎಲ್ಲೋ ನೀರು ತೊಟ್ಟಿಕ್ಕುತ್ತಿದೆ ಎಂದು ಒಂದು ಸಾಲು ಹೇಳಿ ಬಿಟ್ಟುಬಿಡುತ್ತದೆ, ಉಳಿದ ಹೆದರಿಕೆ ನಮ್ಮದೇ. ಆ ಕತ್ತಲೆಯಲ್ಲಿ ಅಣ್ಣನಿಗೆ ಕಂಡದ್ದು ನನಗೆ ಕಂಡದ್ದಲ್ಲ. ಅವನ ಪಾತಾಳದಲ್ಲಿ ಹೊಗೆ ಹಿಡಿದ ಗೋಡೆ, ಕಲ್ಲಿನ ರುಬ್ಬುಗುಂಡು ಇದ್ದವು, ಆಟದಲ್ಲಿ ಅವುಗಳ ಸುದ್ದಿಯೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಯಾವುದೂ ಜಾಗ ಬದಲಿಸುವುದಿಲ್ಲ. ನನ್ನ ಫೋನಿನಲ್ಲಿ ವಾರಕ್ಕೊಂದು ಸಲ ಏನೋ ಒಂದು ಅಪ್‌ಡೇಟ್ ಆಗಿ, ನಿನ್ನೆ ಕೆಳಗಿದ್ದ ಗುಂಡಿ ಇವತ್ತು ಮೇಲೆ ಹೋಗಿರುತ್ತದೆ. ಆ ಊರಿನ ಮೆಟ್ಟಿಲು ಮಾತ್ರ ಅಂದು ಎಲ್ಲಿತ್ತೋ ಇಂದೂ ಅಲ್ಲೇ ಇದೆ.

ಅಣ್ಣ ಆಮೇಲೆ ಸೂರತ್ತಿನ ಪಕ್ಕದ ಊರಾದ ಸಚಿನ್‌ಗೆ ಹೋಗಿ, ಕಾರ್ಖಾನೆಗಳ ನಡುವೆ ಸ್ವಂತ ಹೋಟೆಲು ಇಟ್ಟ. ಅತ್ತಿಗೆ ಬಂದಳು, ಮಗ ಹುಟ್ಟಿ ಗುಜರಾತಿ ಮಾತಾಡುತ್ತ ಬೆಳೆದ, ಅತ್ತಿಗೆ ತೀರಿಕೊಂಡಳು. ಫೋನು ಅಗ್ಗವಾದ ಮೇಲೆ ನಮ್ಮ ಆಟ ಮತ್ತೆ ಶುರುವಾಯಿತು. ಮಧ್ಯಾಹ್ನದ ಊಟದ ಗಲಾಟೆ ಮುಗಿದು, ಸಂಜೆಯ ಪಾಳಿಯವರು ಬರುವವರೆಗೆ ಹೋಟೆಲಿನಲ್ಲಿ ಕೆಲಸ ಕಡಿಮೆ. ಅವನು ಕೌಂಟರಿನಲ್ಲಿ ಕೂತು ಫೋನು ಮಾಡುತ್ತಾನೆ, ನಾನು ಬೋಪಾಲ್‌ನಲ್ಲಿ ಕಂಪ್ಯೂಟರಿನ ಮುಂದೆ ಓದುತ್ತೇನೆ, ಅವನು ಅಲ್ಲಿಂದಲೇ ಹೇಳುತ್ತಾನೆ. ಬಾಲ್ದಿ ಬಾವಿಕಟ್ಟೆಗೆ ಹೋಗುತ್ತದೆ, ನಾವು ಸಾಯುತ್ತೇವೆ.

ಫೋನಿನಲ್ಲಿ ಅವನ ಮಾತಿನ ಹಿಂದೆ ಯಾವಾಗಲೂ ಕ್ಯಾಲೆಂಡರ್ ಹಾಳೆಯ ಸರಸರ ಕೇಳಿಸುತ್ತಿತ್ತು. ಎರಡು ವರ್ಷದ ಹಿಂದೆ ಅದು ನಿಂತಿತು. ನಕ್ಷೆ ಎಲ್ಲಿ ಎಂದು ಕೇಳಿದರೆ ತಲೆಯಲ್ಲುಂಟು ಎಂದ. ಜಂಬ ಎಂದುಕೊಂಡು ಬಿಟ್ಟಿದ್ದೆ. ನಾನು ಸಚಿನ್‌ಗೆ ಹೋದಾಗ ಅವನು ನನ್ನ ತಟ್ಟೆಗೆ ಬಡಿಸುತ್ತ ಪಲ್ಯವನ್ನು ಮೇಜಿನ ಮೇಲೆ ಹಾಕಿದ. ನೋಡಲಿಲ್ಲ ಎಂದು ನಗಾಡಿದ. ಎರಡನೆಯ ಚಮಚವನ್ನೂ ಮೇಜಿನ ಮೇಲೆಯೇ ಹಾಕಿದ. ನನ್ನ ಮನೆಗೆ ಬರುವ ನೆಪ ಮಾಡಿಸಿ ಅಹಮದಾಬಾದಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಣ್ಣಿನ ಒತ್ತಡ ಏರಿ ನರ ಸತ್ತಿದೆ, ಹೋದದ್ದು ಬರುವುದಿಲ್ಲ ಎಂದರು ಅವರು. ಹನಿ ಮದ್ದು ಬರೆದುಕೊಟ್ಟರು. ಒಂದು ಕಣ್ಣಿನಲ್ಲಿ ಉಳಿದದ್ದು ಅಷ್ಟಿಷ್ಟು ಬೆಳಕು, ನೆರಳು. ಆಟೋದಲ್ಲಿ ಕೂತು ನಾನು ಅತ್ತೆ. ಅವನು ಅಳಲಿಲ್ಲ. ಮಗನಿಗೆ ಹೇಳಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡ.

"ಅವ ಒಳ್ಳೆ ಹುಡುಗ. ಅದೇ ಹೆದರಿಕೆ," ಎಂದ. "ಗೊತ್ತಾದ ಮರುದಿನವೇ ಹೋಟೆಲಿಗೆ ಬೀಗ ಹಾಕಿ ನನ್ನನ್ನು ವಡೋದರಾಕ್ಕೆ ಕರ್ಕೊಂಡು ಹೋಗ್ತಾನೆ. ಲಿಫ್ಟಿನ ಮನೆಯಲ್ಲಿ ಸೋಫಾದ ಮೇಲೆ ಕೂರಿಸ್ತಾನೆ. ಅಲ್ಲಿ ನನಗೆ ಪಾಯಖಾನೆ ಸಹ ಹುಡುಕ್ಲಿಕ್ಕೆ ಆಗುದಿಲ್ಲ. ಇಲ್ಲಿ ನನಗೆ ಎಲ್ಲ ಕಾಣ್ತದೆ."

ಸುಳ್ಳಲ್ಲ. ಆ ಹೋಟೆಲಿನೊಳಗೆ ಅವನಿಗೆ ಎಲ್ಲ ಕಾಣುತ್ತದೆ. ರಸ್ತೆಯಿಂದ ಎರಡು ಮೆಟ್ಟಿಲು, ಬಲಕ್ಕೆ ಕೌಂಟರು, ಎಡಕ್ಕೆ ಕೈ ತೊಳೆಯುವ ಬೇಸಿನ್ನು, ಮೇಜುಗಳ ನಡುವೆ ಒಂದೇ ಓಣಿ, ಅದು ನೇರ ಅಡುಗೆಮನೆಯ ಬಾಗಿಲಿಗೆ. ಅಲ್ಲಿ ಸೌಟು ಅದರ ಕೊಕ್ಕೆಯಲ್ಲಿದೆ, ಉಪ್ಪಿನ ಮರಿಗೆ ಒಲೆಯ ಬಲಕ್ಕಿದೆ. ಕೆಲಸದವರ ಜೀವ ಹಿಂಡಿ ಅವನು ಬೆಳೆಸಿದ ಶಿಸ್ತು ಈಗ ಅವನನ್ನು ನಡೆಸುತ್ತಿದೆ. ಗಿರಾಕಿಗಳು ಫೋನಿನಿಂದ ದುಡ್ಡು ಹಾಕುತ್ತಾರೆ, ಕೌಂಟರಿನ ಮೇಲಿನ ಪುಟ್ಟ ಡಬ್ಬಿ ಇಷ್ಟು ಬಂತು ಎಂದು ಹಿಂದಿಯಲ್ಲಿ ಕೂಗುತ್ತದೆ, ಇವನು ತಲೆಯಾಡಿಸುತ್ತಾನೆ. ನೋಟು ಕೊಡುವವರು ಬೆರಳೆಣಿಕೆಯ ಮಂದಿ. ತಿಂಗಳಿಗೊಮ್ಮೆ ಬಂದು, ಊಟ ಮಾಡಿ, ಫೋನು ನೋಡುತ್ತ ಕೂರುವ ಮಗನಿಂದ ಇದನ್ನು ಮುಚ್ಚಿಡುವುದು ದೊಡ್ಡ ವಿದ್ಯೆಯೇನಲ್ಲ. ಒಂದು ಸಲ ಯಾರೋ ಸೋಡಾ ಬಾಟಲಿಯ ಕ್ರೇಟನ್ನು ಓಣಿಯಲ್ಲಿ ಇಟ್ಟುಬಿಟ್ಟಿದ್ದರು. ಅಣ್ಣ ಮುಗ್ಗರಿಸಿ ಬಿದ್ದು ಮೊಣಕಾಲು ಒಡೆದುಕೊಂಡ. ನೆಲ ಒದ್ದೆಯಿತ್ತು ಎಂದು ಎಲ್ಲರಿಗೂ ಹೇಳಿದ. ಒಂದು ಕ್ರೇಟಿಗೆ ಅಷ್ಟಾಯಿತು.

ಭಾಷಣದ ಸಂಜೆ ವಡೋದರಾದ ತನ್ನ ಫ್ಲಾಟಿನಲ್ಲಿ ಊಟ ಹಾಕಿ, ಅಣ್ಣನ ಮಗ ಲ್ಯಾಪ್‌ಟಾಪ್ ತೆರೆದು ನನಗೆ ಹೋಟೆಲಿನ ಹೊಸ ವಿನ್ಯಾಸ ತೋರಿಸಿದ. ಮರುದಿನ ಮಧ್ಯಾಹ್ನ ಬಡಗಿ ಅಳತೆ ತೆಗೆದುಕೊಳ್ಳಲು ಬರುತ್ತಾನಂತೆ. ಕೌಂಟರು ಎಡಕ್ಕೆ. ಬೇಸಿನ್ನು ಹಿಂದಕ್ಕೆ. ಅಡುಗೆಮನೆಯ ಗೋಡೆ ಒಡೆದು ಗಾಜು. ಮೇಜುಗಳು ಸಾಲಾಗಿರದೆ ಅಲ್ಲೊಂದು ಇಲ್ಲೊಂದು, ನಡುವೆ ಕುಂಡದಲ್ಲಿ ಗಿಡ. ಚೀಸ್ ತುರಿದು ಗುಡ್ಡೆ ಹಾಕಿದ ದೋಸೆಯ ಚಿತ್ರ ಗೋಡೆಯ ಮೇಲೆ. ಪರದೆಯ ಮೇಲೆ ನಾವು ಆ ಹೋಟೆಲಿನೊಳಗೆ ತೇಲುತ್ತ ಹೋದೆವು. ಅಣ್ಣ ಆ ಹೋಟೆಲಿನಲ್ಲಿ ಒಂದು ವಾರ ಬದುಕಲಾರ.

ನಿಮ್ಮಪ್ಪ ಒಪ್ಪಿದ್ದಾನಾ ಎಂದು ಕೇಳಿದೆ. ಬೇಡ ಎನ್ನುತ್ತಾರೆ, ಯಾಕೆ ಅಂತ ಕೇಳಿದರೆ ಬೇಡ ಅಷ್ಟೇ ಅನ್ನುತ್ತಾರೆ, ಹಠ, ವಯಸ್ಸಾಯಿತಲ್ಲ ಎಂದು ನಕ್ಕ. ಮುಗಿದ ಮೇಲೆ ನೋಡಿದರೆ ಇಷ್ಟಪಡುತ್ತಾರೆ ಎಂದ. ಬೇಡ ಎನ್ನುವ ಪದದ ಅರ್ಥ ಇವನ ಆಟಕ್ಕೂ ಗೊತ್ತಿಲ್ಲ, ಇವನಿಗೂ ಗೊತ್ತಿಲ್ಲ. ನಾನು ನಾಲ್ಕು ಬೈದೆ. ಗಿಡ ನೋಡಲು ಜನ ಉದ್ಯಾನಕ್ಕೆ ಹೋಗುತ್ತಾರೆ, ಹೋಟೆಲಿಗಲ್ಲ ಎಂದೆ. ಸಚಿನ್‌ನಲ್ಲಿ ಎಂಟು ಗಂಟೆ ಯಂತ್ರದ ಮುಂದೆ ನಿಂತು ಬಂದವನಿಗೆ ಗಾಜಿನಾಚೆ ಭಟ್ಟರು ಬೆವರುವುದನ್ನು ನೋಡಬೇಕಾಗಿಲ್ಲ ಎಂದೆ. ಹೇಳಬೇಕಾದ ಒಂದು ಮಾತನ್ನು ಮಾತ್ರ ಹೇಳುವ ಹಾಗಿರಲಿಲ್ಲ. ಗುಟ್ಟು ಕಾಯುವವರ ಪಾಡು ಅದು, ಸುಳ್ಳು ಕಾರಣಗಳನ್ನೇ ಜೋರಾಗಿ ಹೇಳುತ್ತಿರಬೇಕು. ಅವನು ಎಲ್ಲ ಕೇಳಿಸಿಕೊಂಡು, ಫೋಯಿ, ನೀವು ಇಬ್ಬರೂ ಒಂದೇ ಥರ ಎಂದ. ಗುಜರಾತಿಗಳು ಅಪ್ಪನ ತಂಗಿಯನ್ನು ಹಾಗೆ ಕರೆಯುತ್ತಾರೆ, ಪ್ರೀತಿ ಬಂದಾಗ ಅವನಿಗೆ ಅದೇ ಬಾಯಿಗೆ ಬರುತ್ತದೆ.

ಬೆಳಿಗ್ಗೆ ಇಬ್ಬರೂ ರೈಲಿನಲ್ಲಿ ಸೂರತ್ತಿಗೆ ಹೊರಟೆವು. ನರ್ಮದೆಯ ಸೇತುವೆಯ ಮೇಲೆ ಹೋಗುವಾಗಲೂ ಅವನು ತಲೆಯೆತ್ತಲಿಲ್ಲ, ಲ್ಯಾಪ್‌ಟಾಪಿನಲ್ಲಿ ಏನೋ ತಿದ್ದುತ್ತಿದ್ದ. ಕೊನೆಗೆ ಗುಟ್ಟು ಹೇಳಿದ. ಅಪ್ಪನಿಗೆ ಅವನೊಂದು ಉಡುಗೊರೆ ಮಾಡಿದ್ದಾನೆ. ಆ ಹಳೆಯ ಆಟವನ್ನೇ ರಜೆಯ ದಿನಗಳಲ್ಲಿ ಕೂತು ಹೊಸದಾಗಿ, ಚಿತ್ರಗಳ ಸಮೇತ ಕಟ್ಟಿದ್ದಾನೆ. ಅಕ್ಷರ ಓದುವ ಕಷ್ಟವಿಲ್ಲ, ಅಪ್ಪ ಸುಮ್ಮನೆ ನೋಡಿದರೆ ಸಾಕು. ಅವನ ಮುಖದಲ್ಲಿ ಅಂಥ ಆಸೆ ಇತ್ತು. ನಿನ್ನೆಯಿಂದ ನನ್ನೊಳಗೆ ಕುದಿಯುತ್ತಿದ್ದ ತಿರಸ್ಕಾರ ಆಗಲೂ ಕಡಿಮೆಯಾಗಲಿಲ್ಲ, ಆದರೆ ಬಾಯಿಗೆ ಬರಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತೆ.

ನಾವು ಸಚಿನ್ ಮುಟ್ಟುವಾಗ ಮಧ್ಯಾಹ್ನದ ಊಟದ ಹೊತ್ತು ಮುಗಿದಿತ್ತು. ಬಣ್ಣದ ಕಾರ್ಖಾನೆಯ ಘಾಟು ಎಂದಿನಂತೆ ಗಂಟಲಿಗೆ ಹಿಡಿಯಿತು. ಮೆಟ್ಟಿಲ ಮೇಲೆ ನಮ್ಮ ಚಪ್ಪಲಿಯ ಸದ್ದು ಕೇಳಿಯೇ ಅಣ್ಣ ಕೌಂಟರಿನಿಂದ ಎದ್ದು, ಬನ್ನಿ ಎಂದ. ಓಣಿಯಲ್ಲಿ ನೆಟ್ಟಗೆ ನಡೆದು ಹೋಗಿ, ಎರಡು ಲೋಟ ಮಜ್ಜಿಗೆ ತುಳುಕಿಸದೆ ತಂದು ನಮ್ಮ ಮುಂದೆ ಇಟ್ಟ. ಮಗನ ಭುಜ ತಟ್ಟಿ ದಪ್ಪಗಾಗಿದ್ದೀ ಎಂದ. ಮಗ ಏನೂ ಅನುಮಾನಪಡಲಿಲ್ಲ. ಯಾಕೆ ಪಡುತ್ತಾನೆ, ಅವನು ಫೋನು ನೋಡುತ್ತಿದ್ದ.

ಅಪ್ಪನನ್ನು ಬಾಗಿಲಿನ ಕಡೆ ಬೆನ್ನು ಮಾಡಿ ಕೂರಿಸಿ, ಲ್ಯಾಪ್‌ಟಾಪನ್ನು ಮೇಜಿನ ಮೇಲೆ ತೆರೆದಿಟ್ಟು ಗುಂಡಿ ಒತ್ತಿದ. ನೋಡಿ ಪಪ್ಪ ಎಂದ. ಯಂತ್ರ ಇನ್ನೂ ಶುರುವಾಗಿರಲಿಲ್ಲ. ಪರದೆ ಕಪ್ಪಗಿತ್ತು. ಅಣ್ಣನ ಬೆನ್ನ ಹಿಂದಿನ ಬಾಗಿಲಿನಿಂದ ಬಂದ ರಸ್ತೆಯ ಬಿಸಿಲು ಮಾತ್ರ ಅದರ ಗಾಜಿನ ಮೇಲೆ ಹೊಳೆಯುತ್ತಿತ್ತು. ಅಣ್ಣ ಮುಂದಕ್ಕೆ ಬಾಗಿದ. ಮರ್ಯಾದೆಗೆ ಎಷ್ಟು ಹೊತ್ತು ನೋಡಬೇಕೋ ಅಷ್ಟು ಹೊತ್ತು ನೋಡಿದ.

"ಒಳ್ಳೇದಾಗಿದೆ," ಎಂದ. "ಬಣ್ಣ ಎಲ್ಲ ಭಾರೀ ಚಂದ ಉಂಟು."

ಮಗನ ಕೈ ಅರ್ಧದಲ್ಲೇ ನಿಂತಿತು. ಅವನು ಕಪ್ಪು ಪರದೆಯನ್ನು ನೋಡಿದ. ಅಪ್ಪನ ಮುಖವನ್ನು ನೋಡಿದ, ಎಷ್ಟೋ ವರ್ಷದ ಮೇಲೆ ನಿಜವಾಗಿ ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಮಾತು ಕೊಟ್ಟವಳು. ತಲೆಯಾಡಿಸಲೂ ಇಲ್ಲ, ಮಜ್ಜಿಗೆಯ ಲೋಟವನ್ನೇ ನೋಡುತ್ತ ಕೂತೆ. ಅಷ್ಟು ಹೊತ್ತಿಗೆ ಯಂತ್ರ ಸದ್ದು ಮಾಡಿ ಪರದೆ ಬೆಳಗಿತು. ಗುಡ್ಡ, ಮೋಡ, ಗಾಳಿಗೆ ಅಲ್ಲಾಡುವ ಹುಲ್ಲು. ಒಪ್ಪಿಕೊಳ್ಳಬೇಕು, ಚೆನ್ನಾಗಿಯೇ ಇತ್ತು.

ಸುರು ಮಾಡು, ಎಂತ ಉಂಟು ಅಂತ ಹೇಳು ಎಂದ ಅಣ್ಣ. ನನಗೆ ಹೇಳುವ ಅಭ್ಯಾಸದಲ್ಲಿ ಬಾಯಿಗೆ ಬಂದದ್ದು.

ಮಗನ ಕನ್ನಡ ಎಂದರೆ ಊಟ ಆಯ್ತಾ, ಹೇಗಿದ್ದೀರಿ, ನಾಳೆ ಬರ್ತೇನೆ, ಅಷ್ಟರಲ್ಲಿ ಮುಗಿಯುತ್ತದೆ. ಆ ಕನ್ನಡದಲ್ಲೇ ಅವನು ಚಿತ್ರವನ್ನು ಹೇಳತೊಡಗಿದ. ದೊಡ್ಡ ಗುಡ್ಡ ಇದೆ ಪಪ್ಪ. ಹುಲ್ಲು ಇದೆ. ಒಂದು ಬಾಗಿಲು ಇದೆ, ಮರದ್ದು, ಹಳೇದು. ಪದ ಸಿಗದ ಕಡೆ ನಿಂತು, ನನ್ನನ್ನು ಕೇಳದೆ, ತಾನೇ ಹುಡುಕಿ ಮುಂದೆ ಹೋದ. ರಜೆಯ ದಿನಗಳೆಲ್ಲ ಕೂತು ಬರೆದ ಬಣ್ಣಗಳು ಅವನ ಬಾಯಲ್ಲಿ ನಾಲ್ಕು ಮೊಂಡು ಮಾತುಗಳಾದವು. ಅಣ್ಣ ಕಣ್ಣು ಮುಚ್ಚಿ ಕೇಳುತ್ತಿದ್ದ. ಬಾಗಿಲಿನ ಬಲಗಡೆ ಬಾವಿ ಇದೆ ಎಂದಾಗ ಅಣ್ಣ ತಡೆದ.

"ಬಲಗಡೆ ಎಲ್ಲಿಂದ ಬಂತು? ಬಾವಿ ಎಡಗಡೆ ಅಲ್ವಾ?"

"ನಾನು ಶಿಫ್ಟ್ ಮಾಡಿದೆ ಪಪ್ಪ."

ಯಾಕೆ ಎಂದು ಅಣ್ಣ ಕೇಳಿದ. ಸಿಟ್ಟಿನಿಂದ ಅಲ್ಲ, ಅರ್ಥವಾಗದೆ ಕೇಳಿದ. ನೋಡಲು ಚೆನ್ನಾಗಿರುತ್ತದೆ ಎಂಬ ಮಾತು ಮಗನ ತುಟಿಯವರೆಗೆ ಬಂದು ನಿಂತದ್ದು ನನಗೆ ಕಂಡಿತು.

ಬಡಗಿ ಬಂದದ್ದು ಅಷ್ಟು ಹೊತ್ತಿಗೆ. ಕೈಯಲ್ಲಿ ಟೇಪು, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಬಾಗಿಲಲ್ಲೇ ನಿಂತು, ಕೌಂಟರು ಎಲ್ಲಿಗೆ ಸರಿಸುವುದು, ಮೊದಲು ಯಾವ ಗೋಡೆ ಎಂದು ಗುಜರಾತಿಯಲ್ಲಿ ವಿಚಾರಿಸಿದ. ಅಣ್ಣನ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು. ಎರಡು ವರ್ಷದಿಂದ ನಾನು ನೋಡಿರದ ಹೆದರಿಕೆ ಅವನ ಮುಖದಲ್ಲಿ ಬಂತು, ಆಟೋದಲ್ಲಿ ಕೂತಾಗಲೂ ಬಾರದ್ದು. ಮಗನಿಗೆ ಈಗ ಎಲ್ಲ ಗೊತ್ತು, ಇವತ್ತೇ ಅಪ್ಪನನ್ನು ಸೋಫಾಕ್ಕೆ ಒಯ್ಯುತ್ತಾನೆ ಎಂದುಕೊಂಡೆ. ಒಳ್ಳೆಯ ಮಕ್ಕಳು ಮಾಡುವುದು ಅದನ್ನೇ.

ಅವನು ಎದ್ದು ಬಾಗಿಲಿಗೆ ಹೋದ. ಏನೂ ಸರಿಸುವುದಿಲ್ಲ, ಯಾವ ಗೋಡೆಯೂ ಇಲ್ಲ, ಬಂದದ್ದಕ್ಕೆ ಒಂದು ಚಹಾ ಕುಡಿದು ಹೋಗಿ ಎಂದು ಗುಜರಾತಿಯಲ್ಲಿ ಹೇಳಿ ಅವನನ್ನು ಕಳಿಸಿದ. ವಾಪಸು ಬರುವಾಗ ತಾನು ಎಳೆದಿಟ್ಟಿದ್ದ ಕುರ್ಚಿ ಓಣಿಗೆ ಅಡ್ಡವಿದ್ದದ್ದು ಕಂಡು, ಸದ್ದಾಗದ ಹಾಗೆ ಎತ್ತಿ ಮೇಜಿನ ಕೆಳಗೆ ಸೇರಿಸಿದ. ಅಪ್ಪನ ಎದುರು ಕೂತ.

ಯಾಕೆ, ಎಂತ ಆಯ್ತು ಎಂದು ಅಣ್ಣ ಕೇಳಿದ.

"ಡಿಸೈನ್ ಸರಿಯಿಲ್ಲ ಪಪ್ಪ. ನಾನು ತಪ್ಪು ಮಾಡಿದೆ."

ಅಣ್ಣನ ಕೈ ಮೇಜಿನ ಅಂಚನ್ನು ಬಿಟ್ಟಿತು. ಹೋದ ಉಸಿರು ವಾಪಸು ಬಂತು, ಅದರ ಜೊತೆಗೇ ಗಂಟಲಿನಲ್ಲಿ ಹೋಟೆಲಿನ ಯಜಮಾನನೂ ವಾಪಸು ಬಂದ. ಮಗ ಪೂರ್ತಿ ಸೋತದ್ದು ಗೊತ್ತಾದ ಮೇಲೆ ಬಿಡುವ ಜಾತಿಯವನಲ್ಲ ನನ್ನ ಅಣ್ಣ. ಅಡುಗೆಮನೆಯವರೆಗೆ ಕೇಳುವ ಹಾಗೆ ಬೈಯತೊಡಗಿದ. ತಾನು ಮೊದಲೇ ಹೇಳಿದ್ದೆ ಎಂದ. ಹಿರಿಯರ ಮಾತು ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದ. ಕಂಪ್ಯೂಟರಿನಲ್ಲಿ ಗೆರೆ ಎಳೆದರೆ ಹೋಟೆಲು ಆಗುತ್ತದೆಯಾ ಎಂದ. ಭಟ್ಟರು ಬಾಗಿಲಿಗೆ ಬಂದು ಇಣುಕಿ ಹೋದರು.

"ಒಂದು ಕೆಲಸಕ್ಕೆ ಕೈ ಹಾಕುವ ಮೊದಲು ಕಣ್ಣು ಬಿಟ್ಟು ನೋಡ್ಬೇಕು," ಎಂದ ಅಣ್ಣ. "ನಿನಗೆ ಎರಡು ಕಣ್ಣು ಕೊಟ್ಟದ್ದು ಯಾಕೆ?"

ಮಗ ತಲೆ ತಗ್ಗಿಸಿ ಕೂತಿದ್ದ. ಲ್ಯಾಪ್‌ಟಾಪಿನಲ್ಲಿ ಹುಲ್ಲು ಇನ್ನೂ ಅಲ್ಲಾಡುತ್ತಿತ್ತು.

"ಹೌದು ಪಪ್ಪ," ಎಂದ. "ನಾನು ನೋಡಲಿಲ್ಲ."